ಹಳೆ ಪಿಕಪ್ಪಿನ ವೈರು, ಹೊಸ ಸಾಲ

(ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ರೈತರ ಮುಂದೆ ಆಡಿದ ಮಾತು. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದೆ.)



ಭತ್ತದ ಬೆಲೆ, ಬ್ಯಾಂಕಿನ ಸಾಲ, ದಲಾಲಿ ಅಂಗಡಿಯ ಬಡ್ಡಿ ಇವುಗಳ ಮಾತಾಡುವ ಜಾಗದಲ್ಲಿ ಇವನು ಗಾಡಿ ವೈರಿನ ಮಾತು ಯಾಕೆ ತಂದ ಅಂತ ನಿಮಗೆ ಅನ್ನಿಸಬಹುದು. ನಾನು ಮಿಸ್ತ್ರಿ ಅಲ್ಲ. ಎಡದಂಡೆ ಕಾಲುವೆಯ ಕೊನೆಯ ನೀರು ಕುಡಿಯುವ ಹೊಲದವನು. ಆದರೆ ಹೋದ ಸುಗ್ಗಿ ಮುಗಿದ ಮೇಲೆ ದಲಾಲಿ ಅಂಗಡಿಯ ಖಾತೆಯಲ್ಲಿ ನನ್ನ ಹೆಸರಿಗೆ ಏರಿದ ಸಾಲವನ್ನು ಒಂದು ದಿನ ಕೂತು ಬಿಡಿಸಿ ನೋಡಿದೆ. ಬೀಜದ್ದೆಷ್ಟು, ಗೊಬ್ಬರದ್ದೆಷ್ಟು, ಎಣ್ಣೆದೆಷ್ಟು, ಕೂಲಿದೆಷ್ಟು ಅಂತ. ಗಾಡಿಯ ಬಾಬತ್ತು ಹದಿನಾರು ಸಾವಿರ ರೂಪಾಯಿ ಇತ್ತು. ಆ ಹದಿನಾರು ಸಾವಿರದಿಂದ ಆಗದೇ ಇದ್ದ ಕೆಲಸ ಕಡೆಗೆ ಆದದ್ದು ಇನ್ನೂರ ಐವತ್ತು ರೂಪಾಯಿಯ ಒಂದು ತಾಮ್ರದ ಪಟ್ಟಿಯಿಂದ. ಹಂಗಾಗಿ ಇದೂ ಸಾಲದ ಮಾತೇ. ಕೇಳ್ರಿ.

ನನ್ನದು ಹದಿನೆಂಟು ವರ್ಷದ ಹಳೆ ಪಿಕಪ್ಪು. ಮೂರನೆಯ ಕೈಯಿಂದ ನನಗೆ ಬಂದದ್ದು. ಹೊಸ ಗಾಡಿಗೆ ಕಂತು ಕಟ್ಟುವ ಶಕ್ತಿ ಇಲ್ಲ, ಬಾಡಿಗೆ ಗಾಡಿಗೆ ಸುಗ್ಗಿಯಲ್ಲಿ ಕೇಳಿದಷ್ಟು ಕೊಡಬೇಕು, ಹೀಗಾಗಿ ನಮ್ಮಂಥವರ ಅಂಗಳದಲ್ಲಿ ಇಂಥ ಗಾಡಿಗಳೇ ನಿಂತಿರುತ್ತವೆ. ಎಂಜಿನ್ ಗಟ್ಟಿ, ಪಾಟಾ ಗಟ್ಟಿ. ಕೈ ಕೊಡುವುದು ವೈರು.

ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫು ಟಕ್ ಅಂತು, ತಿರುಗಲಿಲ್ಲ. ತಳ್ಳಿ ಹತ್ತಿಸಿಕೊಂಡು ಒಂದು ಅಂಗಡಿಗೆ ಹೋದೆ. ಅವನು ಬಾನೆಟ್ ಎತ್ತಿದ, ಬ್ಯಾಟರಿ ನೋಡಿದ, "ಇದು ಸತ್ತೈತಿ" ಅಂದ. ಮೀಟರು ಇಡಲಿಲ್ಲ, ಏನೂ ಅಳೆಯಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. ದಲಾಲಿ ಅಂಗಡಿಗೆ ಹೇಳಿಸಿ, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯಲ್ಲಿ ಏಳು ಸಾವಿರದ ಹೊಸ ಬ್ಯಾಟರಿ ಹಾಕಿಸಿದೆ. ಗಾಡಿ ಹತ್ತಿತು. ಮೂರು ವಾರ ಹತ್ತಿತು. ಮತ್ತೆ ಟಕ್.

ಎರಡನೆಯ ಅಂಗಡಿಯವನು ಸೆಲ್ಫ್ ಬಿಚ್ಚಿ ಕಾರ್ಬನ್ನು, ಬುಷ್ಷು ಬದಲಿಸಿದ. ಮೂರೂವರೆ ಸಾವಿರ. ಹತ್ತು ದಿನ ನಡೆಯಿತು. ಮೂರನೆಯವನು "ಡೈನಮೋ ಚಾರ್ಜ್ ಕೊಡವಲ್ದು" ಅಂದ. ಐದೂವರೆ ಸಾವಿರಕ್ಕೆ ಬೇರೆ ಡೈನಮೋ ಬಂತು. ನಾನು ಪ್ರತಿ ಸಲ "ಆಯ್ತಪ್ಪ, ಹಾಕು" ಅಂದೆ. ಹೊಲದಲ್ಲಿ ಎಲೆ ಹಳದಿ ಆದರೆ ಹತ್ತು ಮಂದಿಯನ್ನು ಕೇಳಿ ಔಷಧ ತರುವವನು ನಾನು. ಗಾಡಿಯ ಮುಂದೆ ಮಾತ್ರ ಕುರುಡನಂತೆ ನಿಂತೆ.

ಆಮೇಲೆ ಆ ರಾತ್ರಿ ಬಂತು. ಇಪ್ಪತ್ತು ಚೀಲ ನೆಲ್ಲು ಹೇರಿಕೊಂಡು ಸಿಂಧನೂರು ಯಾರ್ಡಿಗೆ ಹೊರಟಿದ್ದೆ. ಬೆಳಗಾಗುವುದರೊಳಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಮಸ್ಕಿಯಲ್ಲಿ ಚಹಾ ಕುಡಿಯಲು ಎಂಜಿನ್ ಬಂದ್ ಮಾಡಿದೆ, ಅದೇ ತಪ್ಪಾಯಿತು. ಮತ್ತೆ ಹತ್ತಲಿಲ್ಲ. ಎರಡು ಸಲ, ಮೂರು ಸಲ, ನಾಲ್ಕು ಸಲ ಕೀಲಿ ತಿರುವಿದೆ. ಬಾನೆಟ್ ಕೆಳಗಿನಿಂದ ಸುಟ್ಟ ವಾಸನೆ ಬಂತು. ಎತ್ತಿ ನೋಡಿದರೆ ಎಕ್ಸಿಲೇಟರ್ ಕೇಬಲ್ ಮೇಲಿನ ಪ್ಲಾಸ್ಟಿಕ್ ಕರಗಿ ಹೊಗೆ ಆಡುತ್ತಿದೆ. ಎಕ್ಸಿಲೇಟರ್ ಕೇಬಲ್ಲಿಗೂ ಕರೆಂಟಿಗೂ ಏನು ಸಂಬಂಧ? ಹಿಂದೆ ಹೇರು, ಮುಂದೆ ಹೊಗೆ. ನನ್ನ ಕೈಕಾಲು ನಡುಗಿದವು.

ಬೆಳಕು ಹರಿದ ಮೇಲೆ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಒಬ್ಬ ಹಿರಿಯರನ್ನು ಹುಡುಗರು ಕರೆದುಕೊಂಡು ಬಂದರು. ಅವರು ಸುಟ್ಟ ಕೇಬಲ್ಲನ್ನು ನೋಡಿದರು, ನಕ್ಕರು. "ಗೇರ್‌ಬಾಕ್ಸ್ ಯಾವಾಗ ಇಳಿಸಿದ್ರಿ?" ಅಂತ ಕೇಳಿದರು. ನನಗೆ ಆಶ್ಚರ್ಯ. ಕ್ಲಚ್ ಪ್ಲೇಟು ಹಾಕಿಸಲು ಎರಡು ತಿಂಗಳ ಹಿಂದೆ ಇಳಿಸಿದ್ದು ನಿಜ. ಅವರು ಒಂದು ದಪ್ಪ ಕೇಬಲ್ ತಂದು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಗುಬ್ಬಿಗೆ, ಇನ್ನೊಂದು ತುದಿಯನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿದರು. "ಹೊಡೀರಿ ಸೆಲ್ಫು" ಅಂದರು. ಗರ್ ಅಂತ ಒಂದೇ ಏಟಿಗೆ ಹತ್ತಿತು.

ಗೇರ್‌ಬಾಕ್ಸ್ ಇಳಿಸಿದಾಗ ಬಿಚ್ಚಿದ ಅರ್ಥಿಂಗ್ ಪಟ್ಟಿಯನ್ನು, ಅಂದರೆ ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ಹೆಣೆದ ತಾಮ್ರದ ಪಟ್ಟಿಯನ್ನು, ಬಣ್ಣದ ಮೇಲೆ ಹಾಗೇ ಬಿಗಿದಿದ್ದರು. ಅರ್ಧ ಎಳೆ ಹರಿದಿತ್ತು, ಉಳಿದರ್ಧ ಹಸಿರು ತುಕ್ಕು ಹಿಡಿದಿತ್ತು. ಇಷ್ಟೇ ಕಾಯಿಲೆ.

ಇನ್ನು ಲೆಕ್ಕಕ್ಕೆ ಬರೋಣ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ನಮ್ಮ ಎಪ್ಪತ್ತೈದು ಕೆ.ಜಿ. ಚೀಲದ ಲೆಕ್ಕದಲ್ಲಿ ಚೀಲಕ್ಕೆ 1,777 ಹತ್ತಿರ. ಯಾರ್ಡಿನಲ್ಲಿ ಆ ಬೆಲೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದು ನಿಮಗೇ ಗೊತ್ತು. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹದಿನಾರು ಸಾವಿರ ಅಂದರೆ ಒಂಬತ್ತು ಚೀಲ ನೆಲ್ಲು. ಸಸಿ ಮಡಿ ಹಾಕಿ, ನಾಟಿ ಮಾಡಿ, ಕಾಲುವೆ ನೀರಿಗೆ ರಾತ್ರಿ ಕಾವಲು ಕೂತು ಬೆಳೆದ ಒಂಬತ್ತು ಚೀಲ. ಬೇಡದೇ ಇದ್ದ ಬ್ಯಾಟರಿಗೆ ನಾಲ್ಕು, ಬೇಡದೇ ಇದ್ದ ಸೆಲ್ಫ್ ರಿಪೇರಿಗೆ ಎರಡು, ಬೇಡದೇ ಇದ್ದ ಡೈನಮೋಕ್ಕೆ ಮೂರು. ಇದರ ಮೇಲೆ ಬಡ್ಡಿ. ಆ ದಿನದ ಪೇಟೆ ತಪ್ಪಿ ಮರುದಿನ ಚೀಲಕ್ಕೆ ಅರವತ್ತು ಕಡಿಮೆಗೆ ಮಾರಿದೆನಲ್ಲ, ಆ ಸಾವಿರದಿನ್ನೂರನ್ನು ಇದರಲ್ಲಿ ಸೇರಿಸಿಲ್ಲ.

ನಾನು ಮಿಸ್ತ್ರಿಗಳನ್ನು ಬೈಯಲು ಬಂದಿಲ್ಲ. ಅವರೂ ನಮ್ಮ ಊರುಗಳ ಮಕ್ಕಳೇ. ನಾಲ್ಕು ಗಾಡಿ ಒಟ್ಟಿಗೆ ಬಂದು ನಿಂತಾಗ ಅಳೆದು ನೋಡುವುದಕ್ಕಿಂತ ಬದಲಿಸಿ ಕಳಿಸುವುದು ಅವರಿಗೆ ಸುಲಭ. ಅಳೆಯುವುದಕ್ಕೆ ನಾವು ಕೂಲಿ ಕೊಡುವುದಿಲ್ಲ, ಸಾಮಾನು ಹಾಕಿದರೆ ಕೊಡುತ್ತೇವೆ. ತಪ್ಪಿನಲ್ಲಿ ನಮ್ಮ ಪಾಲೂ ಐತಿ.

ಈಗ ಕರೆಂಟು ಗಾಡಿಯೊಳಗೆ ಹ್ಯಾಂಗ ಹರೀತದ ಅಂತ ನೋಡೋಣ. ಕಾಲುವೆ ಬಲ್ಲವರಿಗೆ ಇದು ಕಷ್ಟದ ವಿದ್ಯೆ ಅಲ್ಲ. ಬ್ಯಾಟರಿ ಅಂದರೆ ಡ್ಯಾಮು. ವೋಲ್ಟ್ ಅಂದರೆ ನೀರಿನ ಎತ್ತರ. ಆಂಪಿಯರ್ ಅಂದರೆ ಹರಿಯುವ ನೀರಿನ ಪ್ರಮಾಣ. ಸೆಲ್ಫು, ಲೈಟು, ಹಾರ್ನು ಇವೆಲ್ಲ ಕೊನೆಯ ಹೊಲಗಳು. ಆದರೆ ಒಂದು ವ್ಯತ್ಯಾಸ ಐತಿ. ನೀರು ಹೊಲದಲ್ಲಿ ಇಂಗಿದರೆ ಮುಗಿಯಿತು. ಕರೆಂಟು ಹಾಗಲ್ಲ, ಹೋದದ್ದು ತಿರುಗಿ ಬ್ಯಾಟರಿಗೆ ಬರಲೇಬೇಕು. ಹೋಗುವ ದಾರಿ ಪಾಸಿಟಿವ್ ವೈರು. ಬರುವ ದಾರಿಗೆ ಬೇರೆ ವೈರು ಎಳೆದಿಲ್ಲ, ಗಾಡಿಯ ಕಬ್ಬಿಣವೇ ಆ ದಾರಿ. ಅದಕ್ಕೇ ನಾವು ಅರ್ಥಿಂಗ್ ಅನ್ನುವುದು. ಆದರೆ ಎಂಜಿನ್ನು ಚಾಸಿಯ ಮೇಲೆ ನೇರವಾಗಿ ಕೂತಿಲ್ಲ, ರಬ್ಬರಿನ ಮೇಲೆ ಕೂತಿದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕಾಗಿ ಆ ತಾಮ್ರದ ಪಟ್ಟಿ ಬೇಕು. ಪಟ್ಟಿ ಕೆಟ್ಟರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ನನ್ನ ಗಾಡಿಯಲ್ಲಿ ಅದು ಹಿಡಿದದ್ದು ಎಕ್ಸಿಲೇಟರ್ ಕೇಬಲ್ಲಿನ ದಾರಿ. ಹೊಗೆ ಬಂದ ಗುಟ್ಟು ಇದು.

"ಅರ್ಥಿಂಗ್ ಕೆಟ್ಟಿದ್ರ ಲೈಟ್ ಯಾಕ ಚಲೋ ಉರೀತಿದ್ವು?" ಅಂತ ಮುಂದೆ ಕೂತ ಕಾಕಾ ಕೇಳಾಕತ್ಯಾರ. ಒಳ್ಳೆ ಪ್ರಶ್ನೆ. ಮೂರು ಅಂಗಡಿಯವರೂ, ನಾನೂ ಮೋಸ ಹೋದದ್ದು ಇಲ್ಲೇ. ಸ್ವಲ್ಪ ಲೆಕ್ಕ ಮಾಡೋಣ. ಒಂದು ಹೆಡ್‌ಲೈಟ್ ಕುಡಿಯುವುದು ಐದು ಆಂಪಿಯರ್. ಸೆಲ್ಫು ಡೀಸೆಲ್ ಎಂಜಿನ್ ತಿರುವಲು ಕುಡಿಯುವುದು ಇನ್ನೂರು ಆಂಪಿಯರ್ ಅಂತ ಹಿಡಿಯಿರಿ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ತುಕ್ಕು ಹಿಡಿದ ಒಂದು ಜಾಯಿಂಟಿನಲ್ಲಿ ಕರೆಂಟಿಗೆ ಅಡ್ಡಿ ಒಂದು ಓಮಿನ ನೂರನೇ ಒಂದು ಪಾಲು ಇದೆ ಅನ್ನಿ. ಐದು ಆಂಪಿಯರ್ ಹರಿದಾಗ ಅಲ್ಲಿ ಸೋರಿಹೋಗುವುದು ವೋಲ್ಟಿನ ಇಪ್ಪತ್ತನೇ ಒಂದು ಪಾಲು. ಲೈಟಿಗೆ ಗೊತ್ತೇ ಆಗುವುದಿಲ್ಲ. ಅದೇ ಜಾಯಿಂಟಿನಲ್ಲಿ ಇನ್ನೂರು ಆಂಪಿಯರ್ ಹರಿಯಬೇಕಾದಾಗ ಎರಡು ಪೂರ್ತಿ ವೋಲ್ಟು ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಒಳ್ಳೆ ಬ್ಯಾಟರಿಯೂ ಹನ್ನೊಂದರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿ ಎರಡು ಹೋದರೆ ಸೆಲ್ಫಿಗೆ ಮುಟ್ಟುವುದು ಒಂಬತ್ತು. ಒಂಬತ್ತಕ್ಕೆ ಅದು ಹ್ಯಾಂಗ ತಿರುಗೀತು?

ಕೊನೆಯ ಹೊಲದವರಾದ ನಮಗೆ ಇದು ಗೊತ್ತಿರದ ಸಂಗತಿ ಅಲ್ಲ. ತುಂಬು ತೂಬಿನ ನೀರು ಬಿಡುವ ತನಕ ಮಧ್ಯದ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದದ್ದು ನಿಮಗೆಲ್ಲ ನೆನಪಿದೆ. ಹರಿದದ್ದು ಒಂದು ಚೈನು. ಅಷ್ಟಕ್ಕೇ ನಾಲ್ಕು ಜಿಲ್ಲೆಯ ಜನ ರಾತ್ರಿಯೆಲ್ಲ ನಿದ್ದೆಗೆಟ್ಟರು. ಯಾರಾದರೂ ಡ್ಯಾಮ್ ಹಳೇದಾತು, ಹೊಸ ಡ್ಯಾಮ್ ಕಟ್ರಿ ಅಂದ್ರೇನು? ನಾವು ಗಾಡಿಯಲ್ಲಿ ಮಾತ್ರ ಕೊಂಡಿ ನೋಡದೆ ಡ್ಯಾಮನ್ನೇ ಬದಲಿಸುತ್ತೇವೆ.

ಹಾಗಾದರೆ ಅಂಗಡಿಗೆ ಹೋಗುವ ಮೊದಲು ನಾವು ಏನು ನೋಡಬೇಕು? ಕಿರಾಣಿಗಿಂತ ಅಗ್ಗ, ಒಂದು ಡಿಜಿಟಲ್ ಮೀಟರು ಮುನ್ನೂರು ರೂಪಾಯಿ ಒಳಗೆ ಸಿಗುತ್ತದೆ. ಊರಿಗೊಂದು ಸಾಕು, ಮನೆಗೊಂದು ಬೇಡ. ಗುಂಡಿಯನ್ನು ಡಿ.ಸಿ. 20 ಅಂತ ಬರೆದಲ್ಲಿ ಇಡಿ. ಗಾಡಿ ರಾತ್ರಿಯೆಲ್ಲ ನಿಂತಿರಲಿ, ಬೆಳಿಗ್ಗೆ ಕೀಲಿ ಹಾಕುವ ಮೊದಲು ಬ್ಯಾಟರಿಯ ಎರಡು ಗುಬ್ಬಿಗೆ ಮೀಟರಿನ ಎರಡು ಕಡ್ಡಿ ಇಡಿ. ಹನ್ನೆರಡೂವರೆ ದಾಟಿದ್ದರೆ, 12.6 ತೋರಿಸಿದರೆ, ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. ಹನ್ನೆರಡಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಬರಿದಾದದ್ದು ಅಂದರೆ ಸತ್ತದ್ದು ಅಂತ ಅಲ್ಲ! ಹಸಿದ ಎತ್ತು ಮತ್ತು ಸತ್ತ ಎತ್ತು ಎರಡೂ ಮಲಗಿಯೇ ಇರುತ್ತವೆ. ಮೊದಲು ಪೂರ್ತಿ ಚಾರ್ಜ್ ಮಾಡಿಸಿ. ಆಮೇಲೂ ಸೆಲ್ಫ್ ಹೊಡೆದಾಗ ಗುಬ್ಬಿಯ ಮೇಲೇ ವೋಲ್ಟು ಒಂಬತ್ತರ ಕೆಳಗೆ ಬಿದ್ದರೆ, ಒಂದೊಂದು ಖಾನೆಯ ಆ್ಯಸಿಡ್ಡನ್ನು ತೂಕದ ನಳಿಕೆಯಲ್ಲಿ ನೋಡಿಸಿ. ಐದು ಖಾನೆಯಲ್ಲಿ 1.25ರ ಮೇಲೆ ತೋರಿಸಿ ಆರನೆಯದರಲ್ಲಿ 1.12 ತೋರಿಸಿದರೆ ಆ ಖಾನೆ ಹೋಯಿತು, ಬ್ಯಾಟರಿ ಬದಲಿಸಲೇಬೇಕು. ಆಗ ಬದಲಿಸಿ, ಬೇಡ ಅನ್ನುವುದಿಲ್ಲ.

ಎರಡನೆಯ ಅಳತೆ ಎಂಜಿನ್ ಹತ್ತಿದ ಮೇಲೆ. ಸ್ವಲ್ಪ ಎಕ್ಸಿಲೇಟರ್ ಕೊಟ್ಟಾಗ ಬ್ಯಾಟರಿಯ ಮೇಲೆ 13.8ರಿಂದ 14.5ರ ತನಕ ಬರಬೇಕು. ಹನ್ನೆರಡೂವರೆಯಲ್ಲೇ ನಿಂತರೆ ಡೈನಮೋ ತುಂಬುತ್ತಿಲ್ಲ. ಹದಿನೈದು ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರನ್ನು ಕುದಿಸುತ್ತಿದೆ. ತುಂಬುತ್ತಿಲ್ಲ ಅಂದಕೂಡಲೇ ಡೈನಮೋ ಬಿಚ್ಚಬೇಡಿ. ಮೊದಲು ಬೆಲ್ಟು ಸಡಿಲಾಗಿದೆಯಾ ನೋಡಿ, ಹೆಬ್ಬೆರಳಿನಿಂದ ಒತ್ತಿದರೆ ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚು ಕುಸಿಯಬಾರದು. ಆಮೇಲೆ ಕೀಲಿ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆಯೇ ನೋಡಿ. ಎಂಜಿನ್ ಹತ್ತಿದ ಮೇಲೆ ಅದು ಆರಬೇಕು. ಮೊದಲಿಗೇ ಹತ್ತದಿದ್ದರೆ ಅದರ ಬಲ್ಬು ಸುಟ್ಟಿರಬಹುದು. ಹಳೆ ಗಾಡಿಗಳಲ್ಲಿ ಡೈನಮೋ ಎಚ್ಚರಗೊಳ್ಳುವ ಕರೆಂಟು ಹೆಚ್ಚಾಗಿ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬು ಸುಟ್ಟರೆ ಒಳ್ಳೆ ಡೈನಮೋ ಕೂಡ ಮಲಗಿಬಿಡುತ್ತದೆ. ಹತ್ತು-ಇಪ್ಪತ್ತು ರೂಪಾಯಿಯ ಬಲ್ಬಿಗೆ ಐದು ಸಾವಿರದ ಡೈನಮೋ ಬದಲಾಗುವುದು ಹೀಗೆ.

ಮೂರನೆಯದು ಮುಖ್ಯ. ನನ್ನ ಹದಿನಾರು ಸಾವಿರ ಉಳಿಸಬಹುದಾಗಿದ್ದ ಅಳತೆ ಇದೇ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಬಂದ್ ಮಾಡುವ ಗುಬ್ಬಿ ಇರುವ ಗಾಡಿಯಾದರೆ ಅದನ್ನು ಎಳೆದು ಹಿಡಿಯಿರಿ, ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಗುಬ್ಬಿಯ ಮೇಲೆ. ಕ್ಲಾಂಪಿನ ಮೇಲೆ ಅಲ್ಲ, ಸೀಸದ ಗುಬ್ಬಿಯ ಮೇಲೆ. ಇನ್ನೊಂದು ಕಡ್ಡಿ ಎಂಜಿನ್ನಿನ ಬರಿ ಕಬ್ಬಿಣದ ಮೇಲೆ. ಈಗ ಒಬ್ಬರು ಸೆಲ್ಫ್ ಹೊಡೆಯಲಿ. ಮೀಟರು 0.2 ತನಕ ತೋರಿಸಿದರೆ ಅರ್ಥಿಂಗ್ ಸರಿ. ಅರ್ಧ ವೋಲ್ಟು ದಾಟಿದರೆ ಬರುವ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಒಂದು ಕಡ್ಡಿಯನ್ನು ಗುಬ್ಬಿಯಲ್ಲೇ ಬಿಟ್ಟು ಇನ್ನೊಂದನ್ನು ಕ್ಲಾಂಪು, ಕೇಬಲ್ಲಿನ ಕೊನೆ, ಚಾಸಿ, ಎಂಜಿನ್ ಅಂತ ಹೆಜ್ಜೆ ಹೆಜ್ಜೆಗೆ ಸರಿಸುತ್ತ ಹೋಗಿ. ಎಲ್ಲಿ ಅಂಕಿ ಒಮ್ಮೆಲೇ ಹಾರುತ್ತದೋ ಕಳ್ಳ ಅಲ್ಲಿದ್ದಾನೆ. ಹಾಗೆಯೇ ಪಾಸಿಟಿವ್ ಗುಬ್ಬಿಯಿಂದ ಸೆಲ್ಫಿನ ದಪ್ಪ ಬೋಲ್ಟಿನ ತನಕ ನೋಡಿ. ನಾನು ಐದನೆಯ ತರಗತಿ ಓದುವ ಹುಡುಗನಿಗೆ ಮೀಟರು ಕೊಟ್ಟು ಇದನ್ನು ಮಾಡಿಸಿದ್ದೇನೆ.

ಮೀಟರು ಇಲ್ಲದ ಹೊತ್ತಿನಲ್ಲಿ, ಕತ್ತಲಲ್ಲಿ ನಿಂತಾಗ? ಹೆಡ್‌ಲೈಟ್ ಹಚ್ಚಿ ಸೆಲ್ಫ್ ಹೊಡೆಯಿರಿ. ಲೈಟು ಪೂರ್ತಿ ಸತ್ತಂತೆ ಮಬ್ಬಾದರೆ ಬ್ಯಾಟರಿ ಬರಿದು, ಇಲ್ಲವೇ ಗುಬ್ಬಿಯ ಹಿಡಿತ ಸಡಿಲ, ಇಲ್ಲವೇ ಸೆಲ್ಫು ಬಿಗಿದುಕೊಂಡಿದೆ. ಲೈಟು ಹಾಗೇ ಉರಿಯುತ್ತ ಸೆಲ್ಫು ಟಕ್ ಅಂದು ಸುಮ್ಮನಾದರೆ ಕರೆಂಟು ಸೆಲ್ಫಿನ ದಾರಿಯಲ್ಲಿ ಹರಿಯುತ್ತಲೇ ಇಲ್ಲ, ದಾರಿ ನೋಡಿ. ಇದು ಮೊದಲ ಸುಳಿವು ಮಾತ್ರ, ಕೊನೆಯ ತೀರ್ಪಲ್ಲ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಬ್ಬಾಗಿ ಮಿಣುಕಿದರೆ, ಇಂಡಿಕೇಟರ್ ಹಾಕಿದಾಗ ಹಿಂದಿನ ಲೈಟು ಕುಣಿದರೆ, ಅದು ಹಿಂದಿನ ದೀಪದ ಅರ್ಥಿಂಗ್. ಬಲ್ಬು ಬದಲಿಸುತ್ತ ಕೂರಬೇಡಿ.

ನಮ್ಮ ಭಾಗದಲ್ಲಿ ಈ ಜಾಯಿಂಟುಗಳು ಬೇಗ ಕೆಡಲು ಕಾರಣ ಉಂಟು. ಎರೆ ಮಣ್ಣು ಒಮ್ಮೆ ಚಾಸಿಗೆ ಅಂಟಿದರೆ ಬಿಡುವುದಿಲ್ಲ, ಹಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಗಾಡಿಯಲ್ಲಿ ಡಿ.ಎ.ಪಿ., ಯೂರಿಯಾ ಚೀಲ ತರುತ್ತೇವೆ. ಚೀಲ ಒಡೆದು ಉದುರಿದ ಗೊಬ್ಬರ ಹಸಿ ಹಿಡಿದು ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನ ಗಾಡಿಯ ತಳಕ್ಕೆ ನೀರು ಹೊಡೆಯಿರಿ. ನೀರನ್ನು ಫ್ಯೂಸ್ ಡಬ್ಬಿಗೆ, ಡೈನಮೋಕ್ಕೆ ಹೊಡೆಯಬೇಡಿ. ಇನ್ನು ಬ್ಯಾಟರಿಗೆ ದೊಡ್ಡ ವೈರಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೀರು ನೋಡಿ. ತಟ್ಟೆಗಳು ಮುಳುಗಿರಬೇಕು. ಕಡಿಮೆ ಇದ್ದರೆ ಬಟ್ಟಿ ಇಳಿಸಿದ ನೀರು ಮಾತ್ರ. ನಮ್ಮ ಬೋರಿನ ನೀರಿನಲ್ಲಿ ಉಪ್ಪು, ಸುಣ್ಣ ಎಷ್ಟಿದೆ ಅಂತ ಚಹಾದ ಪಾತ್ರೆಯ ತಳ ನೋಡಿದರೆ ತಿಳಿಯುತ್ತದೆ. ಅದನ್ನು ಬ್ಯಾಟರಿಗೆ ಹಾಕಿದರೆ ಕೊಂದಂತೆ. ಆ್ಯಸಿಡ್ಡನ್ನೂ ಹಾಕಬೇಡಿ, ಆವಿಯಾಗಿ ಹೋದದ್ದು ನೀರು ಮಾತ್ರ.

ಗುಬ್ಬಿಯ ಮೇಲೆ ಬಿಳಿ, ಹಸಿರು ಬೂಷ್ಟು ಬಂದಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆಯಿರಿ, ಖಾನೆಯೊಳಗೆ ಒಂದು ಹನಿಯೂ ಹೋಗಬಾರದು. ಉಜ್ಜಿ ಹೊಳೆಯುವಂತೆ ಮಾಡಿ ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಯಾಕೆ? ನೆಗೆಟಿವ್ ಬಿಚ್ಚಿದ್ದರೆ ಪಾನಾ ಜಾರಿ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಅರ್ಥಿಂಗ್ ಪಟ್ಟಿ ಬಿಗಿಯುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಕಾಣಿಸಲೇಬೇಕು. ಗಾಡಿಗೆ ಪೇಂಟು ಹೊಡೆಸಿದ ಮೇಲೆ ಲೈಟು ಕೆಟ್ಟವು ಅಂತ ಹೇಳುವವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತುವುದು ಬೇಡ, ನಕ್ಕವರನ್ನು ಎಣಿಸಿದೆ.

ಇಲಿಯ ಮಾತು ಹೇಳದಿದ್ದರೆ ನೆಲ್ಲಿನ ಸೀಮೆಯ ಭಾಷಣ ಆಗುವುದಿಲ್ಲ. ಹುಲ್ಲಿನ ಬಣವೆಯ ಪಕ್ಕ ಗಾಡಿ ನಿಲ್ಲಿಸುತ್ತೇವೆ, ಎಂಜಿನ್ನಿನ ಬಿಸಿಗೆ ಇಲಿ ಬಂದು ಕೂರುತ್ತದೆ, ವೈರಿನ ಮೇಲ್ಸಿಪ್ಪೆ ಕಡಿಯುತ್ತದೆ. ಬರಿ ತಾಮ್ರ ಬಾಡಿಗೆ ತಗುಲಿದರೆ ಶಾರ್ಟು. ಆಗ ಉಳಿಸುವುದು ಫ್ಯೂಸ್ ಒಂದೇ. ಆದರೆ ನಮ್ಮ ಫ್ಯೂಸ್ ಡಬ್ಬಿ ತೆರೆದು ನೋಡಿದರೆ ಏನಿರುತ್ತದೆ? ಸಿಗರೇಟ್ ಪ್ಯಾಕಿನ ಬೇಗಡೆ, ಸೈಕಲ್ ತಂತಿ, ಒಮ್ಮೆ ಒಬ್ಬರ ಗಾಡಿಯಲ್ಲಿ ಮೊಳೆ! ಫ್ಯೂಸ್ ಸುಟ್ಟದ್ದು ತಪ್ಪಲ್ಲ, ಅದು ತನ್ನ ಕೆಲಸ ಮಾಡಿದೆ. ಅದರ ಜಾಗದಲ್ಲಿ ಮೊಳೆ ಹಾಕಿದರೆ ಮುಂದಿನ ಸಲ ಸುಡುವುದು ವೈರು, ಆಮೇಲೆ ಗಾಡಿ. ಹಿಂದೆ ಹುಲ್ಲು ಹೇರಿದ್ದರೆ ಎಲ್ಲವೂ.

ಹುಡುಗರಿಗೆ ಒಂದು ಮಾತು. ಹಳೆ ಗಾಡಿಯ ಹೆಡ್‌ಲೈಟಿಗೆ 60 ವ್ಯಾಟಿನ ಬಲ್ಬು ತೆಗೆದು 100 ವ್ಯಾಟಿನದು ಹಾಕುತ್ತೀರಿ. ಎರಡು ದೀಪ ಸೇರಿ ಹತ್ತು ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ ಹದಿನಾರು-ಹದಿನೇಳು ಹರಿಯುತ್ತದೆ. ವೈರು ಬಿಸಿಯಾಗುತ್ತದೆ, ಸ್ವಿಚ್ಚು ಕರಗುತ್ತದೆ. ಬೇಕೇ ಬೇಕು ಅಂದರೆ ರಿಲೇ ಹಾಕಿಸಿ, ಬ್ಯಾಟರಿಯಿಂದ ದಪ್ಪ ವೈರು ಬೇರೆ ಎಳೆಸಿ, ಬ್ಯಾಟರಿಯ ಹತ್ತಿರವೇ ಅದಕ್ಕೊಂದು ಫ್ಯೂಸ್ ಇಡಿಸಿ. ಟೇಪ್ ಸುತ್ತಿ ಕದ್ದ ಕರೆಂಟು ನಡೆಯುವುದಿಲ್ಲ. ಡಬ್ಬಿ ಹಾಡು, ಬಣ್ಣದ ದೀಪ ಎಲ್ಲವೂ ಅಷ್ಟೇ.

ಹಿರಿಯರಿಗೂ ಒಂದು ಮಾತು, ಸಿಟ್ಟಾಗಬಾರದು. ಹಿಂದೆ ನಿಜವಾದ ಡೈನಮೋ ಇದ್ದ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕ್ಲಾಂಪ್ ಕಿತ್ತು "ಎಂಜಿನ್ ನಿಲ್ತದೋ ಇಲ್ಲೋ, ಲೈಟ್ ಉರೀತದೋ ಇಲ್ಲೋ" ಅಂತ ಪರೀಕ್ಷೆ ಮಾಡುತ್ತಿದ್ದರು. ಈಗ ನಾವು ಬಾಯಿರೂಢಿಯಲ್ಲಿ ಡೈನಮೋ ಅನ್ನುವುದು ಆಲ್ಟರ್ನೇಟರ್. ಅದರೊಳಗೆ ಡಯೋಡುಗಳಿವೆ. ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟು ಒಮ್ಮೆಲೇ ಮೇಲೆ ಹಾರಿ ಡಯೋಡ್ ಸುಡಬಹುದು. ಆ ಪರೀಕ್ಷೆಯಲ್ಲಿ ಪಾಸಾದ ಡೈನಮೋ ಪರೀಕ್ಷೆಯಿಂದಲೇ ಸಾಯುತ್ತದೆ. ಗಾಡಿಯ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಅಷ್ಟೇ, ಮೊದಲು ಬ್ಯಾಟರಿ ಕೇಬಲ್ ಬಿಚ್ಚಿ. ವೆಲ್ಡಿಂಗ್‌ನವನ ಅರ್ಥಿಂಗ್ ಬೆಸುಗೆಯ ಪಕ್ಕದಲ್ಲೇ ಹಿಡಿದಿರಲಿ.

ಇನ್ನೊಬ್ಬರ ಗಾಡಿಯಿಂದ ಕರೆಂಟು ಕೊಡುವಾಗ ಪಾಸಿಟಿವ್‌ಗೆ ಪಾಸಿಟಿವ್. ನೆಗೆಟಿವ್ ಕೇಬಲ್ಲನ್ನು ನಿಂತ ಗಾಡಿಯ ಬ್ಯಾಟರಿಗೆ ಅಲ್ಲ, ದೂರದಲ್ಲಿ ಅದರ ಎಂಜಿನ್ನಿನ ಕಬ್ಬಿಣಕ್ಕೆ ಹಿಡಿಯಿರಿ. ಚಾರ್ಜಾಗುವ ಬ್ಯಾಟರಿಯಿಂದ ಹತ್ತಿಕೊಳ್ಳುವ ಗಾಳಿ ಬರುತ್ತದೆ, ಕಿಡಿ ಅದರ ಹತ್ತಿರ ಹಾರಬಾರದು. ದೊಡ್ಡ ಲಾರಿಗಳದು ಬಹಳಷ್ಟು 24 ವೋಲ್ಟು, ನಮ್ಮದು 12. ಲಾರಿಯಿಂದ ಎರವಲು ತರಬೇಡಿ. ಹಳೆ ಡೀಸೆಲ್ ಪಂಪಿನ ಗಾಡಿಯನ್ನು ತಳ್ಳಿ ಹತ್ತಿಸಬಹುದು, ಒಮ್ಮೆ ಹತ್ತಿದರೆ ಅದಕ್ಕೆ ಕರೆಂಟಿನ ಹಂಗು ಕಡಿಮೆ. ಕಂಪ್ಯೂಟರ್ ಡಬ್ಬಿ ಇರುವ ಹೊಸ ಗಾಡಿಗಳ ಕಥೆ ಬೇರೆ. ಅವುಗಳ ವೈರಿಗೆ ನಾವು ಕೈ ಹಾಕಬಾರದು.

ರಾತ್ರಿ ಚಲೋ ಇತ್ತು, ಬೆಳಿಗ್ಗೆ ಬರಿದಾತು ಅನ್ನುವವರು ಒಂದು 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ ಇಟ್ಟುಕೊಳ್ಳಿ. ಎಲ್ಲ ಬಂದ್ ಮಾಡಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಗುಬ್ಬಿಗೂ ಕ್ಲಾಂಪಿಗೂ ನಡುವೆ ಆ ಬಲ್ಬು ಹಿಡಿಯಿರಿ. ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ. ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ಬಲ್ಬು ಆರುತ್ತದೋ ಆ ಸಾಲಿನಲ್ಲಿ ಸೋರಿಕೆ. ಯಾವ ಫ್ಯೂಸಿಗೂ ಆರದಿದ್ದರೆ ಡೈನಮೋದ ದಪ್ಪ ವೈರು ಬಿಚ್ಚಿ ನೋಡಿ. ಸುಗ್ಗಿ ಮುಗಿದು ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ನೆಗೆಟಿವ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಬರಿದಾಗಿ ಬಿದ್ದ ಬ್ಯಾಟರಿ ಒಳಗೇ ಗಟ್ಟಿಯಾಗಿ ಮತ್ತೆ ಏಳುವುದಿಲ್ಲ.

ಕಡೆಗೆ ಹಣದ ಮಾತು. ಬ್ಯಾಟರಿ ಕೊಂಡರೆ ಬಿಲ್ಲು, ವಾರಂಟಿ ಕಾರ್ಡಿನ ಮೇಲೆ ತಾರೀಖು, ಅಂಗಡಿಯ ಮುದ್ರೆ ಹಾಕಿಸಿಕೊಳ್ಳಿ. ಆ ಕಾರ್ಡನ್ನು ಪಹಣಿಯ ಜೊತೆ ಇಡಿ. ನಾನು ಕಾರ್ಡ್ ಕಳೆದುಕೊಂಡು ಒಂದು ಬ್ಯಾಟರಿಯ ಹಕ್ಕನ್ನು ಕಳೆದುಕೊಂಡಿದ್ದೇನೆ. ಹಳೆ ಬ್ಯಾಟರಿಯನ್ನು "ಇರ್ಲಿ ಬಿಡು" ಅಂತ ಬಿಟ್ಟು ಬರಬೇಡಿ. ಅದರೊಳಗಿನ ಸೀಸಕ್ಕೆ ತೂಕದ ಬೆಲೆ ಇದೆ. 2001ರಿಂದಲೇ ಹಳೆ ಬ್ಯಾಟರಿ ವಾಪಸ್ ಪಡೆಯುವ ನಿಯಮ ಬಂದಿತ್ತು, 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂದಿದೆ. ಹೊಸದರ ಬೆಲೆಯಲ್ಲಿ ಹಳೆಯದರ ಬೆಲೆ ಎಷ್ಟು ಕಡಿದರು ಅಂತ ಕೇಳಿ ಬಿಲ್ಲಿನಲ್ಲಿ ಬರೆಸಿ. ಹೊಲಕ್ಕೆ ಒಯ್ದು ಒಡೆದು ಸೀಸ ತೆಗೆಯುವ ಕೆಲಸ ಮಾತ್ರ ಬೇಡ, ಅದು ಮಕ್ಕಳಿಗೆ ವಿಷ. ಮಿಸ್ತ್ರಿ ಏನಾದರೂ ಬದಲಿಸಬೇಕು ಅಂದರೆ "ಅಳೆದು ತೋರಿಸಪ್ಪ, ಅಳತೆಗೆ ನೂರು ರೂಪಾಯಿ ಬೇರೆ ಕೊಡ್ತೀನಿ" ಅನ್ನಿ. ನೂರು ಕೊಟ್ಟವರು ಯಾರೂ ಕೆಟ್ಟಿಲ್ಲ. ಬಿಚ್ಚಿದ ಹಳೆ ಸಾಮಾನು ಕೈಗೆ ಕೇಳಿ ಪಡೆಯಿರಿ. ರಿಪೇರಿಯ ಖರ್ಚನ್ನು ದಲಾಲಿ ಖಾತೆಗೆ ಬರೆಸುವ ಮೊದಲು ಅದು ಎಷ್ಟು ಚೀಲ ಅಂತ ಲೆಕ್ಕ ಹಾಕಿ. ಏಳು ಸಾವಿರ ಅಂದರೆ ಕೈ ಬೇಗ ಸಹಿ ಹಾಕುತ್ತದೆ, ನಾಲ್ಕು ಚೀಲ ಅಂದರೆ ಸ್ವಲ್ಪ ತಡೆಯುತ್ತದೆ.

ಹೊತ್ತಾಯಿತು. ಹೊರಗೆ ಬೇವಿನ ಗಿಡದ ಕೆಳಗೆ ಗಾಡಿಗಳು ನಿಂತಾವ. ಮೀಟರು ನನ್ನ ಚೀಲದಲ್ಲಿ ಐತಿ, ಆ ಮಸ್ಕಿಯ ಹಿರಿಯರೂ ಬಂದು ಹಿಂದೆ ಕೂತಾರ. ಗಾಡಿಯನ್ನು ಬೇಕಂತಲೇ ಇಳಿಜಾರು ನೋಡಿ ನಿಲ್ಲಿಸಿದವರು ಮೊದಲು ಬರ್ರಿ, ನಿಮಗೆ ನಿಮ್ಮ ಸೆಲ್ಫಿನ ಮೇಲೆ ನಂಬಿಕೆ ಇಲ್ಲ ಅಂತ ಅದರಲ್ಲೇ ಗೊತ್ತಾತು. ಬೀಡಿ ಮಾತ್ರ ಇಲ್ಲೇ ಆರಿಸಿ ಬರ್ರಿ.